ತೂಬಿನ ಕೆಳಗಿನ ಬೇಟೆಗಾರ

ಇದನ್ನು ನಿಂತುಕೊಂಡು ನೋಡಲಾಗದು. ಕೂರಬೇಕು. ಕೂತರೂ ಸಾಲದು, ಮೊಣಕೈ ಊರಿ ಕಣ್ಣನ್ನು ಹುಲ್ಲಿನ ಮಟ್ಟಕ್ಕೆ ಇಳಿಸಬೇಕು. ಚಿಕ್ಕಜಾಜೂರಿನ ಆಸುಪಾಸಿನ ಯಾವುದಾದರೂ ಕೆರೆಗೆ ಬೆಳಗಿನ ಹೊತ್ತು ಹೋದರೆ ನೀರು ನಿಂತ ಕಡೆಗೆ ಹೋಗಬೇಡಿ, ಏರಿಯ ಹಿಂಬದಿಗೆ ಇಳಿಯಿರಿ. ತೂಬಿನಿಂದಲೋ ಏರಿಯ ಬುಡದಿಂದಲೋ ಬಸಿದ ನೀರು ಅಲ್ಲಿ ಒಂದಿಷ್ಟು ನೆಲವನ್ನು ಜವುಗಾಗಿ ಇಟ್ಟಿರುತ್ತದೆ. ಗರಿಕೆ, ತುಂಗೆ, ಹೊನಗೊನೆ, ಒಂದೆಲಗ ಒಂದರೊಳಗೊಂದು ಹೆಣೆದುಕೊಂಡು ಪಾದ ಮುಚ್ಚುವಷ್ಟು ಬೆಳೆದಿರುತ್ತವೆ. ದನ ಮೇಯಿಸುವವರನ್ನು ಬಿಟ್ಟರೆ ಆ ಜಾಗ ಯಾರಿಗೂ ಬೇಡ. ಅಲ್ಲಿ ಎಸಳುಗಳ ನಡುವೆ ಹಸಿರು ಗೆರೆಯೊಂದು ಸರಿದಂತಾಗುತ್ತದೆ, ಅದರ ಹಿಂದೆಯೇ ಇಟ್ಟಿಗೆ ಬಣ್ಣದ ಚುಕ್ಕೆಯೊಂದು. ರೆಕ್ಕೆ ಕಾಣುವುದಿಲ್ಲ, ಸದ್ದೂ ಇಲ್ಲ. ಅದು ಒಂದು ಎಸಳಿನ ಮೇಲೆ ಕುಳಿತ ಮೇಲಷ್ಟೇ ಇದೊಂದು ಜೀವಿ, ಇದಕ್ಕೆ ತಲೆಯಿದೆ, ಕಣ್ಣಿದೆ, ಅದು ನಮ್ಮನ್ನೇ ನೋಡುತ್ತಿದೆ ಎಂಬುದು ಗೊತ್ತಾಗುವುದು.

ಹುಳುಗಳನ್ನು ನೋಡುವವರು ಇದನ್ನು ಪಿಗ್ಮಿ ಡಾರ್ಟ್ಲೆಟ್ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಅಗ್ರಿಯೊಕ್ನೆಮಿಸ್ ಪಿಗ್ಮಿಯಾ. ಗಂಡಿನ ಹೊಟ್ಟೆಯ ಉದ್ದ 16ರಿಂದ 17 ಮಿಲಿಮೀಟರ್, ಹಿಂದಿನ ರೆಕ್ಕೆ ಸುಮಾರು 10 ಮಿಲಿಮೀಟರ್. ಹೆಣ್ಣು ಅದಕ್ಕಿಂತ ತುಸುವೇ ದೊಡ್ಡದು. ಒಂದು ರೂಪಾಯಿಯ ನಾಣ್ಯದ ಮೇಲೆ ಮಲಗಿಸಿದರೆ ಬಾಲ ಅಂಚಿನಾಚೆಗೆ ಹೆಚ್ಚೇನೂ ಚಾಚುವುದಿಲ್ಲ. ಇದೇ ಕುಲದಲ್ಲಿ ಇದಕ್ಕಿಂತಲೂ ಸಣ್ಣದೊಂದು ಮ್ಯಾನ್ಮಾರಿನಲ್ಲಿದೆ, ಅಗ್ರಿಯೊಕ್ನೆಮಿಸ್ ನಾಯಾ. ಜಗತ್ತಿನ ಅತಿ ಚಿಕ್ಕ ಡ್ಯಾಮ್ಸೆಲ್ ಫ್ಲೈ ಎಂದು ದಾಖಲೆ ಪುಸ್ತಕಗಳು ಹೇಳುವುದು ಅದನ್ನೇ. ಇನ್ನೊಂದು ತುದಿಯಲ್ಲಿ ಮಧ್ಯ ಅಮೆರಿಕದ ಕಾಡುಗಳ ಮೆಗಲೋಪ್ರೆಪಸ್ ಇದೆ, ಅದು ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್. ಒಂದೇ ಗುಂಪಿನ ಎರಡು ಕೀಟಗಳ ನಡುವೆ ಇಷ್ಟು ಅಂತರ.

ಬಲಿತ ಗಂಡಿನ ಎದೆಯ ಮೇಲ್ಭಾಗ ಮಿರುಗುವ ಕಪ್ಪು. ಅದರ ಮೇಲೆ ಎಳೆ ಹಸಿರಿನ ಎರಡು ಪಟ್ಟಿಗಳು ಉದ್ದಕ್ಕೆ ಇಳಿದಿರುತ್ತವೆ, ಎದೆಯ ಪಕ್ಕಗಳೂ ಅದೇ ಹಸಿರು. ಕಣ್ಣು ಮೇಲೆ ಕಪ್ಪು, ಕೆಳಗೆ ಹಸಿರು. ಹೊಟ್ಟೆಯ ಬೆನ್ನುಭಾಗ ಕಪ್ಪಾಗಿದ್ದು ಕೊನೆಯ ಮೂರ್ನಾಲ್ಕು ಉಂಗುರಗಳು ಮಾತ್ರ ಕೆಂಪಡರಿದ ಕಿತ್ತಳೆ. ಮೊದಲು ಕಣ್ಣಿಗೆ ಬೀಳುವ ಚುಕ್ಕೆ ಇದೇ. ವಯಸ್ಸಾದ ಗಂಡುಗಳ ತಲೆ ಮತ್ತು ಎದೆಯ ಮೇಲೆ ಮೇಣದಂಥ ಬಿಳಿಪುಡಿ ಕೂರುತ್ತದೆ, ಹಸಿರು ಪಟ್ಟಿಗಳು ಅದರಡಿಯಲ್ಲಿ ಮಸುಕಾಗುತ್ತವೆ. ಒಂದೇ ಕೆರೆಯ ಬುಡದಲ್ಲಿ ಹಸಿರು ಪಟ್ಟಿಯದು, ಬೂದಿ ಬಳಿದದ್ದು, ಪೂರ್ತಿ ಕೆಂಪಾದದ್ದು ಎಂದು ಮೂರು ಬಗೆ ಕಂಡು ಮೂರು ಜಾತಿಗಳೆಂದು ಲೆಕ್ಕ ಹಾಕುವವರು ಕಡಿಮೆಯಿಲ್ಲ. ಆ ಕೆಂಪಿನ ವಿಷಯಕ್ಕೆ ಮುಂದೆ ಬರುತ್ತೇನೆ, ಅದರಲ್ಲಿ ಕಥೆಯಿದೆ.

ನಮ್ಮ ಮಕ್ಕಳು ಹಿಡಿದು ಬಾಲಕ್ಕೆ ದಾರ ಕಟ್ಟಿ ಆಡುವ ಏರೋಪ್ಲೇನ್ ಚಿಟ್ಟೆ ಡ್ರ್ಯಾಗನ್ ಫ್ಲೈ. ಅದರ ಎರಡು ಕಣ್ಣುಗಳು ಸಾಮಾನ್ಯವಾಗಿ ನೆತ್ತಿಯ ಮೇಲೆ ಕೂಡುತ್ತವೆ, ಕುಳಿತಾಗ ರೆಕ್ಕೆಗಳು ಅಡ್ಡಡ್ಡ ಚಾಚಿಯೇ ಇರುತ್ತವೆ. ನಮ್ಮ ಪಿಗ್ಮಿ ಡ್ಯಾಮ್ಸೆಲ್ ಫ್ಲೈ. ಡ್ಯಾಮ್ಸೆಲ್‌ಗಳ ಕಣ್ಣುಗಳು ತಲೆಯ ಎರಡು ತುದಿಗಳಲ್ಲಿ ಬೇರೆ ಬೇರೆ. ರೆಕ್ಕೆ ನಾಲ್ಕೂ ಹೆಚ್ಚುಕಡಿಮೆ ಒಂದೇ ಆಕಾರ, ಬುಡದಲ್ಲಿ ತೊಟ್ಟಿನಷ್ಟು ಕಿರಿದು, ಬಹುಪಾಲು ಜಾತಿಗಳು ಕುಳಿತೊಡನೆ ಅವನ್ನು ಬೆನ್ನ ಮೇಲೆ ಜೋಡಿಸಿಬಿಡುತ್ತವೆ. ಎರಡೂ ಸೇರಿ ಒಡೊನೇಟಾ ಎಂಬ ಗಣ. ಜಗತ್ತಿನಲ್ಲಿ ಈ ಗಣದ 6000ಕ್ಕೂ ಹೆಚ್ಚು ಜಾತಿಗಳನ್ನು ಹೆಸರಿಸಲಾಗಿದೆ.

ನಮ್ಮ ಪಿಗ್ಮಿಗೆ ಹೆಸರು ಸಿಕ್ಕಿದ್ದು 1842ರಲ್ಲಿ, ಫ್ರಾನ್ಸಿನ ಜೂಲ್ ಪಿಯರ್ ರಾಂಬೂರ್ ಎಂಬ ಕೀಟತಜ್ಞನಿಂದ. 1877ರಲ್ಲಿ ಇದನ್ನೂ ಇದರ ದಾಯಾದಿಗಳನ್ನೂ ಕೂಡಿಸಿ ಅಗ್ರಿಯೊಕ್ನೆಮಿಸ್ ಎಂಬ ಕುಲ ಮಾಡಿದವನು ಬೆಲ್ಜಿಯಂನ ಎಡ್ಮಂಡ್ ಡಿ ಸೆಲಿಸ್ ಲಾಂಗ್‌ಶಾಂಪ್ಸ್. ಈ ಮನುಷ್ಯ ತನ್ನ ದೇಶದ ಸೆನೆಟ್ಟಿನ ಅಧ್ಯಕ್ಷನೂ ಆಗಿದ್ದ. ಸದನದಿಂದ ಮನೆಗೆ ಬಂದು ಎರಡು ಸೆಂಟಿಮೀಟರಿನ ಹುಳುವಿನ ರೆಕ್ಕೆಯ ನರ ಎಣಿಸುತ್ತಿದ್ದ ರಾಜಕಾರಣಿಯನ್ನು ಈಗ ಎಲ್ಲಿ ಹುಡುಕೋಣ! ನಮ್ಮ ನೆಲದಲ್ಲಿ ಈ ಕೆಲಸವನ್ನು ಗಟ್ಟಿಯಾಗಿ ಮಾಡಿದವನು ಎಫ್. ಸಿ. ಫ್ರೇಸರ್, ಸೈನ್ಯದ ವೈದ್ಯ. ಕೊಡಗು, ಮಲಬಾರ್, ನೀಲಗಿರಿಗಳನ್ನು ಸುತ್ತಿ ಅವನು ಬರೆದ ಮೂರು ಸಂಪುಟಗಳು 1933ರಿಂದ 1936ರ ನಡುವೆ ಹೊರಬಂದವು. ಡ್ಯಾಮ್ಸೆಲ್‌ಗಳನ್ನು ಗುರುತಿಸಲು ಇಂದಿಗೂ ಜನ ಹಿಂತಿರುಗಿ ತೆರೆಯುವುದು ಅವುಗಳನ್ನೇ. ಸಾಮಾನ್ಯರ ಕೈಗೆ ಸಿಗುವಂಥ ಕೈಪಿಡಿ ಬರಲು 2005ರವರೆಗೆ ಕಾಯಬೇಕಾಯಿತು. ಕೆ. ಎ. ಸುಬ್ರಮಣಿಯನ್ ಬರೆದ ಅದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತಂದಿತು.

ಆದರೂ ಈ ಹುಳುಗಳ ಬೆನ್ನು ಹತ್ತಿದವರ ಕ್ಯಾಮೆರಾಗಳು ಹೆಚ್ಚಾಗಿ ಪಶ್ಚಿಮ ಘಟ್ಟದ ಕಡೆಗೇ ತಿರುಗಿರುತ್ತವೆ. ಘಟ್ಟದ ತೊರೆಗಳಲ್ಲಿ ಬೇರೆಲ್ಲೂ ಇಲ್ಲದ ಜಾತಿಗಳಿವೆ, ಹೊಸ ಜಾತಿ ಸಿಕ್ಕರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಹೊಳಲ್ಕೆರೆಯ ಬಯಲಿನಲ್ಲಿರುವ ಪಿಗ್ಮಿ ಅಂಥದ್ದಲ್ಲ. ಪಶ್ಚಿಮದಲ್ಲಿ ಅರೇಬಿಯಾದ ತುದಿ ಮತ್ತು ಸೀಶೆಲ್ಸ್ ದ್ವೀಪಗಳಿಂದ ಹಿಡಿದು ಪೂರ್ವದಲ್ಲಿ ಜಪಾನ್, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳವರೆಗೆ ಅದು ಹರಡಿದೆ. ಅಳಿವಿನಂಚಿನ ಪಟ್ಟಿಯಲ್ಲಿ ಅದಕ್ಕೆ ‘ಚಿಂತೆಯಿಲ್ಲ’ ಎಂಬ ಷರಾ. ಹೀಗಾಗಿ ಯಾರೂ ಅದಕ್ಕಾಗಿ ರೈಲು ಹತ್ತಿ ಚಿಕ್ಕಜಾಜೂರಿನಲ್ಲಿ ಇಳಿಯುವುದಿಲ್ಲ. ಬೆಂಗಳೂರು–ಹುಬ್ಬಳ್ಳಿ ಹಳಿಯಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಕಡೆಗೆ ಹೊರಳುವವರು ಈ ಜಂಕ್ಷನ್ನಿನಲ್ಲಿ ಕಾಯುತ್ತಾರೆ, ಅಷ್ಟೇ. ನನ್ನ ಲೆಕ್ಕದಲ್ಲಿ ಇದು ನಷ್ಟ. ಅಪರೂಪದ ಜೀವಿ ತನ್ನ ಮೂಲೆಯ ಬಗ್ಗೆ ಮಾತ್ರ ಹೇಳುತ್ತದೆ. ಎಲ್ಲೆಡೆ ಇರುವ ಜೀವಿ ಎಲ್ಲ ಕಡೆಯ ನೀರಿನ ಬಗ್ಗೆ ಹೇಳಬಲ್ಲದು.

ಇಷ್ಟು ಸಣ್ಣ ಮೈಯಲ್ಲಿ ಬದುಕುವುದೆಂದರೇನು? ಯಾವುದೇ ಆಕಾರವನ್ನು ಉದ್ದದಲ್ಲಿ ಅರ್ಧಕ್ಕೆ ಇಳಿಸಿದರೆ ಅದರ ಮೇಲ್ಮೈ ಕಾಲು ಪಾಲಿಗೆ ಇಳಿಯುತ್ತದೆ, ಒಳಗಿನ ಗಾತ್ರ ಎಂಟನೆಯ ಒಂದು ಪಾಲಿಗೆ. ಅಂದರೆ ಮೈ ಸಣ್ಣದಾದಷ್ಟೂ ಒಳಗಿನ ನೀರಿಗೆ ಹೋಲಿಸಿದರೆ ಚರ್ಮ ಹೆಚ್ಚು. ನೀರು ಬೇಗ ಆರುತ್ತದೆ, ಬಿಸಿಲು ಬೇಗ ತಟ್ಟುತ್ತದೆ, ನೆರಳಿಗೆ ಸರಿದರೆ ಅಷ್ಟೇ ಬೇಗ ತಂಪಾಗುತ್ತದೆ. ಮಧ್ಯಾಹ್ನ ಕೆರೆಯ ನಡುವೆ ಕೋಲಿನ ತುದಿಯಲ್ಲಿ ಕುಳಿತು ಬಿಸಿಲು ಕಾಯುವ ದೊಡ್ಡ ಏರೋಪ್ಲೇನ್ ಚಿಟ್ಟೆಗೆ ಆ ಬಿಸಿಲನ್ನು ತಾಳಿಕೊಳ್ಳುವಷ್ಟು ಮೈಯಿದೆ. ಪಿಗ್ಮಿ ಹಾಗೆ ಮಾಡಿದರೆ ಉಳಿಯುವುದು ಕಷ್ಟ. ಅದಕ್ಕೆ ಹುಲ್ಲಿನ ಬುಡದ ತೇವದ ಗಾಳಿ ಬೇಕು.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಮುಂಗಾರಿನ ಮೋಡ ಘಟ್ಟದಲ್ಲೇ ಮಳೆ ಸುರಿಸಿ ಹಗುರಾಗಿ ಬರುತ್ತದೆ, ಗಾಳಿ ಮಾತ್ರ ಪೂರ್ತಿ ಜೋರಿನಲ್ಲಿ ಬರುತ್ತದೆ. ಆಷಾಢದಲ್ಲಿ ಈ ಕಡೆಯ ಕೆರೆ ಏರಿಗಳ ಮೇಲೆ ನಡೆದವರಿಗೆ ಅದರ ಪರಿಚಯವಿದೆ. ಆದರೆ ನೆಲಕ್ಕೆ ಇಳಿದಂತೆಲ್ಲ ಗಾಳಿಯ ವೇಗ ಕುಗ್ಗುತ್ತದೆ, ಹುಲ್ಲೊಳಗೆ ಬಹುತೇಕ ಸತ್ತುಹೋಗುತ್ತದೆ. ಏರಿಯ ಮೇಲೆ ಟೋಪಿ ಹಾರಿಹೋಗುವ ದಿನವೂ ಅದೇ ಏರಿಯ ಬುಡದ ಗರಿಕೆಯೊಳಗೆ ಪಿಗ್ಮಿ ನಿರಾಳವಾಗಿ ಎಸಳಿನಿಂದ ಎಸಳಿಗೆ ದಾಟುತ್ತಿರುತ್ತದೆ. ಅದು ಮೊಣಕಾಲಿನ ಎತ್ತರಕ್ಕಿಂತ ಮೇಲೆ ಹಾರುವುದು ಕಡಿಮೆ. ಕೆಳಗಿನ ಗೇಣೆತ್ತರದ ಪದರ ಮೇಲಿನದಕ್ಕಿಂತ ಬೇರೆಯೇ ಹವಾಮಾನವಿರುವ ಊರು.

ಆ ಊರಿನಲ್ಲಿ ಇದು ಹುಲಿ. ಗುಂಗುರು, ಸೊಳ್ಳೆ, ಸಸ್ಯಹೇನು, ಜಿಗಿಹುಳು, ಕಣ್ಣಿಗೆ ಕಾಣದಷ್ಟು ಸಣ್ಣ ಪತಂಗ ಎಲ್ಲವೂ ಆಹಾರ. ಹಿಡಿಯುವ ವಿಧಾನ ಎರಡು. ಹಾರುತ್ತಿರುವುದನ್ನು ಮುಳ್ಳುಗೂದಲಿನ ಆರು ಕಾಲು ಕೂಡಿಸಿ ಗಾಳಿಯಲ್ಲೇ ಬಾಚಿಕೊಳ್ಳುವುದು ಒಂದು. ಎಲೆಯ ಮೇಲೆ ಕುಳಿತಿರುವುದನ್ನು ಹಾರಾಟದಲ್ಲೇ ತಡೆದು ನಿಂತು ಕಿತ್ತುಕೊಳ್ಳುವುದು ಇನ್ನೊಂದು. ಈ ಎರಡನೆಯದಕ್ಕೆ ನುರಿತ ರೆಕ್ಕೆ ಬೇಕು. ನೊಣ, ಜೇನುಗಳ ರೆಕ್ಕೆ ಬಡಿಯುವುದು ಎದೆಯ ಗೂಡೇ ಅದುರುವುದರಿಂದ. ಈ ಗಣದ ಕೀಟಗಳಲ್ಲಾದರೋ ಸ್ನಾಯು ನೇರವಾಗಿ ರೆಕ್ಕೆಯ ಬುಡಕ್ಕೇ ಕಟ್ಟಿಕೊಂಡಿದೆ. ಹಾಗಾಗಿ ನಾಲ್ಕು ರೆಕ್ಕೆಗಳನ್ನೂ ಬೇರೆ ಬೇರೆಯಾಗಿ ತಿರುಗಿಸಬಹುದು, ನಿಂತಲ್ಲೇ ನಿಲ್ಲಬಹುದು, ಹಿಂದಕ್ಕೂ ಸರಿಯಬಹುದು. ಕಾಲುಗಳಿದ್ದರೂ ಅವು ನಡೆಯಲು ಬಾರವು. ಎಸಳನ್ನು ಹಿಡಿದು ಕೂರಲು, ಬೇಟೆಯನ್ನು ತಬ್ಬಲು ಮಾತ್ರ.

ಜಿಗಿಹುಳುವಿನ ಹೆಸರು ಬಂದದ್ದರಿಂದ ಭತ್ತದ ಗದ್ದೆಯ ಮಾತು ಇಲ್ಲೇ ಹೇಳಿಬಿಡಬೇಕು. ಚಿಕ್ಕಜಾಜೂರಿನ ಸುತ್ತ ಈಗ ಅಡಿಕೆ, ತೆಂಗು, ಮೆಕ್ಕೆಜೋಳದ್ದೇ ರಾಜ್ಯ. ಆದರೆ ಪಶ್ಚಿಮಕ್ಕೆ ಚನ್ನಗಿರಿ, ಉತ್ತರಕ್ಕೆ ದಾವಣಗೆರೆ, ಹರಿಹರದ ಕಡೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತದೆ. ಪಿಗ್ಮಿಗೆ ಕೆರೆಯಂಚಿಗಿಂತ ದೊಡ್ಡ ಮನೆ ಭತ್ತದ ಗದ್ದೆಯೇ: ಪಾದ ಮುಳುಗುವಷ್ಟು ನೀರು, ಒತ್ತಾದ ಎಲೆ, ಕೈತುಂಬ ಜಿಗಿಹುಳು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1987ರಲ್ಲಿ ರೈತರಿಗಾಗಿ ತಂದ ಕೈಪಿಡಿಯೊಂದರಲ್ಲಿ ಭತ್ತದ ಬೆಳೆಗಾರರ ಸ್ನೇಹಿತರ ಪಟ್ಟಿಯಿದೆ. ಅದರಲ್ಲಿ ಜೇಡಗಳ ಜೊತೆಗೆ ಈ ಅಗ್ರಿಯೊಕ್ನೆಮಿಸ್ ಕೂಡ ಹೆಸರು ಸಹಿತ ಇದೆ. ದೊಡ್ಡ ಏರೋಪ್ಲೇನ್ ಚಿಟ್ಟೆಗಳು ಪೈರಿನ ಮೇಲೆ ಹಾರುತ್ತವೆ. ಇದು ಪೈರಿನೊಳಗೆ, ಕಂದು ಜಿಗಿಹುಳು ರಸ ಹೀರುವ ತೆಂಡೆಗಳ ನಡುವೆ ಓಡಾಡುತ್ತದೆ. ನೀರೊಳಗಿನ ಇದರ ಮರಿಗಳೂ ತೆಂಡೆ ಹತ್ತಿ ಬಂದು ಜಿಗಿಹುಳುವಿನ ಮರಿಗಳನ್ನು ಹಿಡಿಯುತ್ತವೆ. ಜಿಗಿಹುಳುವಿಗೆಂದು ಸಿಂಪಡಿಸಿದ ಔಷಧ ಮೊದಲು ಇಂಥವನ್ನು ಕೊಂದು, ಆಮೇಲೆ ಜಿಗಿಹುಳುವೇ ದುಪ್ಪಟ್ಟಾಗಿ ಎದ್ದುಬಂದದ್ದು ಆಗ್ನೇಯ ಏಷ್ಯಾದ ಉದ್ದಕ್ಕೂ ನಡೆದ ಸಂಗತಿ. ಇಂಡೊನೇಷ್ಯಾ 1986ರಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ಆ ಆದೇಶದ ಹಿಂದಿದ್ದ ಲೆಕ್ಕದಲ್ಲಿ ಜೇಡವೂ ಇಂಥ ಡ್ಯಾಮ್ಸೆಲ್ಲೂ ಸೇರಿದ್ದವು.

ಹುಲಿಗೂ ಹುಲಿಯಿದೆ. ಆರ್ಥೆಟ್ರಮ್ ಸಬೈನಾ ಎಂಬ ಬೂದು ಹಸಿರಿನ ಡ್ರ್ಯಾಗನ್ ಫ್ಲೈ ನಮ್ಮ ಕೆರೆಗಳಲ್ಲೆಲ್ಲ ಇದೆ. ತನ್ನ ಗಣದವರನ್ನೇ ತಿನ್ನುವುದರಲ್ಲಿ ಅದಕ್ಕೆ ಯಾವ ಹಿಂಜರಿಕೆಯೂ ಇಲ್ಲ. ಹುಲ್ಲಿನ ನಡುವೆ ಬಲೆ ಕಟ್ಟುವ ಜೇಡಗಳಿಗೂ ಕಪ್ಪೆಗಳಿಗೂ ಪಿಗ್ಮಿ ಸುಲಭದ ತುತ್ತು. ದೊಡ್ಡ ಡ್ಯಾಮ್ಸೆಲ್‌ಗಳು ಕೂಡ ಇದನ್ನು ಬಿಡುವುದಿಲ್ಲ.

ಇದರ ಬಾಲ್ಯ ಪೂರ್ತಿ ನೀರಿನಲ್ಲಿ. ಕೆರೆಯಂಚಿನ ಪಾಚಿ, ಜೊಂಡಿನ ಬುಡಗಳಲ್ಲಿ ಅಡಗಿರುವ ಸಣಕಲು ಮರಿಯನ್ನು ಕಂಡರೆ ಇದು ಮುಂದೆ ಹಾರುತ್ತದೆಂದು ಯಾರೂ ಊಹಿಸಲಾರರು. ಬಾಲದ ತುದಿಯಲ್ಲಿ ಎಲೆಯಾಕಾರದ ಮೂರು ಕಿವಿರುಗಳಿರುತ್ತವೆ. ಉಸಿರಾಟಕ್ಕೂ ಅವೇ, ಈಜುವಾಗ ಹುಟ್ಟು ಹಾಕಲೂ ಅವೇ. ಶತ್ರು ಹಿಡಿದರೆ ಕಿವಿರನ್ನು ಅವನ ಬಾಯಲ್ಲೇ ಬಿಟ್ಟು ಪಾರಾಗುತ್ತದೆ, ಮುಂದಿನ ಪೊರೆಗಳಲ್ಲಿ ಹೊಸದು ಬೆಳೆಯುತ್ತದೆ. ಬಾಯಿಯಂತೂ ಒಂದು ಯಂತ್ರ. ಕೆಳತುಟಿ ಮಡಚಿಕೊಂಡು ತಲೆಯಡಿ ಸೇರಿರುತ್ತದೆ, ಹತ್ತಿರ ಬಂದ ಸೊಳ್ಳೆಮರಿಯ ಕಡೆಗೆ ಅದು ಮುಂದಕ್ಕೆ ಚಿಮ್ಮಿ ತುದಿಯ ಕೊಂಡಿಗಳಿಂದ ಹಿಡಿದು ವಾಪಸು ಬಾಯಿಗೆ ಎಳೆದು ತರುತ್ತದೆ. ಮೈ ಬೆಳೆದಂತೆ ಪೊರೆ ಕಳಚುತ್ತದೆ. ಕೊನೆಯ ಪೊರೆಗೆ ಮಾತ್ರ ನೀರು ಬಿಟ್ಟು ಹುಲ್ಲಿನ ಕಡ್ಡಿ ಹತ್ತಬೇಕು. ಅಲ್ಲಿ ಬೆನ್ನು ಸೀಳಿ ಹೊರಬರುವ ಹುಳು ಮೆತ್ತಗೆ, ಬಣ್ಣಗೆಟ್ಟು, ರೆಕ್ಕೆ ಮುದುಡಿಕೊಂಡಿರುತ್ತದೆ. ರೆಕ್ಕೆಯ ನರಗಳಿಗೆ ರಕ್ತ ಒತ್ತಿ ಅದನ್ನು ಬಿಡಿಸಿ ಒಣಗಿಸಿಕೊಳ್ಳುವವರೆಗೆ ಇರುವೆ ಬಂದರೂ ಓಡಲಾರದು.

ಆ ಗಳಿಗೆಗಾಗಿ ಕಾದಿರುವವರು ಇನ್ನೂ ಇದ್ದಾರೆ. ಡ್ಯಾಮ್ಸೆಲ್‌ಗಳನ್ನು ಹತ್ತಿರದಿಂದ ನೋಡಿದರೆ ಕೆಲವುಗಳ ಎದೆಯಡಿ ಕೆಂಪು ಮಣಿ ಪೋಣಿಸಿದಂತೆ ಕಾಣುತ್ತದೆ. ಮೊಟ್ಟೆಯೆಂದು ತಿಳಿಯುವವರುಂಟು, ಅಲ್ಲ. ಅವು ಅರೆನ್ಯೂರಸ್ ಎಂಬ ನೀರಿನ ನುಸಿಯ ಮರಿಗಳು. ನೀರೊಳಗಿನ ಡ್ಯಾಮ್ಸೆಲ್ ಮರಿಗೆ ಇವು ಮೊದಲೇ ಅಂಟಿಕೊಂಡಿರುತ್ತವೆ, ಆಗ ಏನನ್ನೂ ಹೀರುವುದಿಲ್ಲ, ಬರೀ ಕಾಯುತ್ತವೆ. ಆತಿಥೇಯ ಕಡ್ಡಿ ಹತ್ತಿ ಪೊರೆ ಒಡೆದ ಆ ಸ್ವಲ್ಪ ಹೊತ್ತಿನಲ್ಲಿ ಹಳೆ ಚರ್ಮದಿಂದ ಹೊಸ ಮೈಗೆ ದಾಟಿ, ಮೆತ್ತಗಿನ ಚರ್ಮ ಚುಚ್ಚಿ ಹೀರಲು ತೊಡಗುತ್ತವೆ. ಮತ್ತೆ ಇಳಿಯುವುದು ಡ್ಯಾಮ್ಸೆಲ್ ಕೂಡಲು, ಮೊಟ್ಟೆಯಿಡಲು ನೀರಿನ ಬಳಿ ಬಂದಾಗಲೇ. ಬೇರೆಲ್ಲಾದರೂ ಉದುರಿದರೆ ಒಣನೆಲದಲ್ಲಿ ಸಾವು.

ಈಗ ಕೆಂಪಿನ ಕಥೆ. ಪಿಗ್ಮಿ ಹೆಣ್ಣಿಗೆ ಒಂದೇ ಬಣ್ಣವಿಲ್ಲ. ಗಂಡಿನಂತೆ ಹಸಿರು–ಕಪ್ಪು ಮೈಯದೂ ಇದೆ, ಮೈಯೆಲ್ಲ ಕೆಂಪಾಗಿ ಬೆನ್ನಲ್ಲಿ ಕಪ್ಪು ಗೆರೆಯಿರುವ ರೂಪವೂ ಇದೆ. ಹುಲ್ಲಿನ ಹಸಿರಿನಲ್ಲಿ ಕೆಂಪು ಎದ್ದು ಕಾಣುತ್ತದೆ, ಜೇಡಕ್ಕೂ ಹಕ್ಕಿಗೂ ಇಲ್ಲಿದ್ದೇನೆ ಎಂದು ಕೂಗಿ ಹೇಳಿದಂತೆ. ಹಾಗಿದ್ದರೆ ಯಾಕೆ ಬೇಕು ಅದು? ಇದರ ಹತ್ತಿರದ ಸಂಬಂಧಿ ಅಗ್ರಿಯೊಕ್ನೆಮಿಸ್ ಫೆಮಿನಾದಲ್ಲಿ ಇದಕ್ಕೊಂದು ಉತ್ತರ ಸಿಕ್ಕಿದೆ. ಆ ಜಾತಿಯ ಹೆಣ್ಣು ಎಳೆಯದಿದ್ದಾಗ ಕಡುಗೆಂಪು, ಬಲಿತ ಮೇಲೆ ಹಸಿರು. ಕೌಸರ್ ಖಾನ್ ಎಂಬ ಸಂಶೋಧಕ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಕೆಂಪು ಗಂಡುಗಳಿಗೆ ಕೊಡುವ ಸೂಚನೆ: ನಾನಿನ್ನೂ ಮೊಟ್ಟೆಯಿಡುವ ಹಂತಕ್ಕೆ ಬಂದಿಲ್ಲ, ಸಮಯ ಹಾಳುಮಾಡಿಕೊಳ್ಳಬೇಡ. ಗಂಡಿನ ಕಾಟ ತಪ್ಪಿದಷ್ಟೂ ಹೆಣ್ಣಿಗೆ ತಿನ್ನಲು, ಬಲಿಯಲು ಬಿಡುವು. ಬೇಟೆಗಾರರಿಗೆ ಕಾಣುವ ಅಪಾಯವನ್ನು ಒಪ್ಪಿಕೊಂಡಾದರೂ ಈ ಬಿಡುವನ್ನು ಕೊಳ್ಳಬೇಕಾದರೆ ಆ ಕಾಟ ಎಷ್ಟಿರಬೇಕೆಂದು ಯೋಚಿಸಿ. ಕೆಂಪು ಕಂಡೊಡನೆ ಇದು ಸಿಂಗಾರವೆಂದು ಊಹಿಸುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಾಟ ನಿಜಕ್ಕೂ ಸಣ್ಣದಲ್ಲ. ಗಂಡು ಬಾಲದ ತುದಿಯ ಕೊಂಡಿಗಳಿಂದ ಹೆಣ್ಣಿನ ಕುತ್ತಿಗೆಯ ಹಿಂಭಾಗವನ್ನು ಹಿಡಿಯುತ್ತದೆ. ಈ ಕೊಂಡಿಗಳ ಆಕಾರ ಜಾತಿಯಿಂದ ಜಾತಿಗೆ ಬೇರೆ, ಹೆಣ್ಣಿನ ಕುತ್ತಿಗೆಯ ಏರುತಗ್ಗಿಗೆ ಹೊಂದುವಂಥದ್ದು. ತಜ್ಞರು ಅನುಮಾನ ಬಂದಾಗ ಬಣ್ಣವನ್ನು ನಂಬದೆ ಲೆನ್ಸ್ ಹಿಡಿದು ಕೊಂಡಿಗಳನ್ನೇ ನೋಡುವುದು ಇದಕ್ಕಾಗಿ. ವೀರ್ಯ ಹೊರಬರುವುದು ಬಾಲದ ತುದಿಯ ಒಂಬತ್ತನೆಯ ಉಂಗುರದಲ್ಲಿ, ಹೆಣ್ಣಿಗೆ ದಾಟಿಸುವ ಅಂಗ ಇರುವುದು ಎದೆಗೆ ಹತ್ತಿರದ ಎರಡು–ಮೂರನೆಯ ಉಂಗುರಗಳಲ್ಲಿ. ಗಂಡು ತನ್ನ ಬಾಲ ಮಡಚಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿಟ್ಟುಕೊಳ್ಳಬೇಕು. ಆಮೇಲೆ ಹೆಣ್ಣು ಬಾಲ ಬಾಗಿಸಿ ಅಲ್ಲಿಗೆ ತಂದಾಗ ಎರಡೂ ಸೇರಿ ಒಂದು ಚಕ್ರವಾಗುತ್ತದೆ. ಈ ಅಂಗದ ಇನ್ನೊಂದು ಕೆಲಸವನ್ನು 1979ರಲ್ಲಿ ಅಮೆರಿಕದ ಜೊನಾಥನ್ ವಾಗೆ ಬೇರೊಂದು ಡ್ಯಾಮ್ಸೆಲ್‌ನಲ್ಲಿ ತೋರಿಸಿಕೊಟ್ಟ. ತನ್ನದನ್ನು ಇಡುವ ಮೊದಲು ಗಂಡು ಹಿಂದಿನ ಗಂಡಿನ ವೀರ್ಯವನ್ನು ಕೆರೆದು ತೆಗೆಯುತ್ತದೆ. ಪ್ರಾಣಿಲೋಕದಲ್ಲಿ ಇಂಥದ್ದು ಸ್ಪಷ್ಟವಾಗಿ ಸಾಬೀತಾದದ್ದು ಅದೇ ಮೊದಲು. ಕೆರೆಯ ದಂಡೆಯಲ್ಲಿ ಕಾಣುವ ಆ ಚಂದದ ಚಕ್ರದ ಬಗ್ಗೆ ಕವಿತೆ ಬರೆಯುವವರು ಇದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಮೊಟ್ಟೆಯ ವಿಷಯದಲ್ಲಿ ಡ್ಯಾಮ್ಸೆಲ್‌ಗಳಿಗೆ ಒಂದು ಹಟವಿದೆ, ಅವುಗಳ ಹಣೆಬರಹವೆಲ್ಲ ಅಲ್ಲೇ. ಹೆಣ್ಣಿನ ಬಾಲದ ತುದಿಯಲ್ಲಿ ಗರಗಸದಂಚಿನ ಉಪಕರಣವೊಂದಿದೆ. ಅದರಿಂದ ನೀರಿನಲ್ಲಿ ನಿಂತ ಹಸಿ ಕಾಂಡವನ್ನೋ ಎಲೆಯನ್ನೋ ಸೀಳಿ, ಸೀಳಿನೊಳಗೆ ಒಂದೊಂದೇ ಮೊಟ್ಟೆ ಇಡುತ್ತದೆ. ಬರೀ ನೀರಿದ್ದರೆ ಸಾಲದು, ನೀರಿನಲ್ಲಿ ನಿಂತ ಮೆತ್ತಗಿನ ಗಿಡ ಬೇಕು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರದುರ್ಗ ಜಿಲ್ಲೆಯ ನೀರನ್ನು ನೋಡಿ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ಇದು. 2014ರಿಂದ ಈಚೆಗೆ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಲಹೊಲಕ್ಕೆ ಕೃಷಿ ಹೊಂಡಗಳು ಬಂದವು. ನಕ್ಷೆಯಲ್ಲಿ ಎಣಿಸಿದರೆ ನೀರಿನ ತಾಣಗಳು ಹೆಚ್ಚಿವೆ. ಆದರೆ ನೀರು ಇಂಗಬಾರದೆಂದು ಹೊಂಡಕ್ಕೆ ಪಾಲಿಥೀನ್ ಹಾಳೆ ಹೊದಿಸಿರುತ್ತಾರೆ. ಕಪ್ಪು ಪ್ಲಾಸ್ಟಿಕ್ಕಿನ ಇಳಿಜಾರಿನಲ್ಲಿ ಒಂದು ಕಡ್ಡಿ ಹುಲ್ಲೂ ಬೇರು ಬಿಡುವುದಿಲ್ಲ. ರೈತನ ದೃಷ್ಟಿಯಿಂದ ಅದು ಸರಿಯೇ, ಒಣಗುವ ಅಡಿಕೆಗೆ ಹುಯ್ಯಲು ಆ ನೀರು ಬೇಕು. ಪಿಗ್ಮಿಯ ದೃಷ್ಟಿಯಿಂದ ಮಾತ್ರ ಅಲ್ಲಿ ನೀರಿದ್ದರೂ ಬರಗಾಲ: ಮೊಟ್ಟೆಗೆ ಕಾಂಡವಿಲ್ಲ, ಮರಿಗೆ ಅಡಗುತಾಣವಿಲ್ಲ, ಕೊನೆಯ ಪೊರೆ ಕಳಚಲು ಹತ್ತುವ ಕಡ್ಡಿಯಿಲ್ಲ.

ಕೆರೆಗಳದ್ದು ಬೇರೆ ಕಥೆ. ಹೂಳೆತ್ತುವುದು ಬೇಕಾದ ಕೆಲಸ, ಅದಕ್ಕೆ ತಕರಾರಿಲ್ಲ. ತಕರಾರಿರುವುದು ಜೆಸಿಬಿಗಳು ಕೆರೆಯನ್ನು ಬಟ್ಟಲಿನಂತೆ ತೋಡಿ ದಂಡೆಯನ್ನು ಕಡಿದಾಗಿ ಕತ್ತರಿಸಿ ಕಲ್ಲು ಹೊದಿಸುವುದರ ಬಗ್ಗೆ. ಹಳೆಯ ಕೆರೆಯ ಅಂಗಳ ನಿಧಾನಕ್ಕೆ ಇಳಿಯುತ್ತಿತ್ತು. ನೀರು ಏರಿದಂತೆ, ಇಳಿದಂತೆ ಪಾದಮಟ್ಟದ ನೀರಿನ ಪಟ್ಟಿಯೂ ಅದರೊಂದಿಗೆ ಹಿಂದೆ ಮುಂದೆ ಸರಿಯುತ್ತಿತ್ತು, ಹುಲ್ಲು ಬೆನ್ನು ಹತ್ತುತ್ತಿತ್ತು. ಕಡಿದಾದ ದಂಡೆಯಲ್ಲಿ ಆ ಪಟ್ಟಿಯೇ ಇಲ್ಲ. ಕಲ್ಲು, ಅದಾದೊಡನೆ ಆಳ. ಏರಿಯ ಹಿಂಬದಿಯ ಜವುಗನ್ನೂ ಸೋರಿಕೆಯೆಂದು ಮುಚ್ಚುತ್ತಾರೆ. ಸೋರಿಕೆ ಏರಿಗೆ ಅಪಾಯವಾಗಿದ್ದರೆ ಮುಚ್ಚಲೇಬೇಕು. ತೂಬಿನ ಕಾಲುವೆಯ ತೇವಕ್ಕೆ ಸಿಮೆಂಟು ಹಾಕುವಾಗಲಾದರೂ ಅಷ್ಟು ಅವಸರ ಬೇಡವಿತ್ತು.

ಇನ್ನು ಕೆರೆ ಪೂರ್ತಿ ಒಣಗುವ ವರ್ಷಗಳು. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು. 130 ಅಡಿ ತುಂಬಿ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ, ಆನಂತರ 2025ರ ಜನವರಿಯಲ್ಲಿ. ದೊಡ್ಡ ಅಣೆಕಟ್ಟಿಗೇ ಇಂಥ ಗತಿಯಾದರೆ ಸಣ್ಣ ಕೆರೆಗಳ ಪಾಡು ಹೇಳಬೇಕಿಲ್ಲ. ಈ ಹುಳುವಿನ ಮರಿ ಒಣಮಣ್ಣಿನಲ್ಲಿ ಬದುಕಲಾರದು. ಹಾಗಾದರೆ ಉತ್ತರೆ, ಹಸ್ತ ಮಳೆಗೆ ಕೆರೆ ತುಂಬಿದಾಗ ಅಲ್ಲಿಗೆ ಮತ್ತೆ ಡ್ಯಾಮ್ಸೆಲ್ ಎಲ್ಲಿಂದ ಬರುತ್ತದೆ?

ಗಾಳಿಯಿಂದ. ಬದುಕೆಲ್ಲ ಅದು ತಪ್ಪಿಸಿಕೊಂಡು ಓಡಾಡುವ ಅದೇ ಗಾಳಿ. ಪಿಗ್ಮಿಯ ಜೊತೆಗೇ ಕೆರೆಯಂಚಿನಲ್ಲಿ ಹಾರುವ, ಅದರಷ್ಟೇ ಪುಟ್ಟದೆನ್ನಬಹುದಾದ ಇನ್ನೊಂದಿದೆ, ಇಶ್ನೂರಾ ರುಬಿಲಿಯೊ. ಗಂಡಿನ ಹೊಟ್ಟೆ ಬಂಗಾರದ ಹಳದಿ, ತುದಿಯಲ್ಲಿ ನೀಲಿ. ಬಹಳ ಕಾಲ ಇದನ್ನು ಆಸ್ಟ್ರೇಲಿಯಾ ಕಡೆಯ ಇಶ್ನೂರಾ ಅರೋರಾ ಎಂಬ ಜಾತಿಯೊಂದಿಗೆ ಒಂದೇ ಎಂದು ಎಣಿಸುತ್ತಿದ್ದರು. ಆ ಅರೋರಾದ ಬಗ್ಗೆ ರಿಚರ್ಡ್ ರೋವ್ 1978ರಲ್ಲಿ ನ್ಯೂಜಿಲೆಂಡಿನಿಂದ ವಿಚಿತ್ರ ಸಂಗತಿಯೊಂದನ್ನು ವರದಿ ಮಾಡಿದ. ಹೆಣ್ಣು ಪೊರೆ ಕಳಚಿ ಮೈ ಗಟ್ಟಿಯಾಗುವ ಮೊದಲೇ ಗಂಡಿನೊಂದಿಗೆ ಕೂಡಿ, ಆಮೇಲೆ ನೇರ ಮೇಲಕ್ಕೆ ಏರಿ ಗಾಳಿಗೆ ಮೈಯೊಡ್ಡುತ್ತದೆ. ಎಲ್ಲಿ ಇಳಿದರೂ ಅದಕ್ಕೆ ಗಂಡು ಬೇಡ, ನೀರೂ ಗಿಡವೂ ಸಿಕ್ಕರೆ ಒಂದೇ ಹೆಣ್ಣಿನಿಂದ ಹೊಸ ಸಂಸಾರ ಶುರು. ಪಿಗ್ಮಿ ಸಮುದ್ರದ ನಡುವಿನ ದ್ವೀಪಗಳನ್ನು ಮುಟ್ಟಿರುವುದನ್ನು ನೋಡಿದರೆ ಅದಕ್ಕೂ ಗಾಳಿಯ ಸವಾರಿ ಗೊತ್ತೆಂದೇ ಹೇಳಬೇಕು. ಎಸಳಿನಿಂದ ಎಸಳಿಗೆ ಹಾರುವ ಜೀವಿಗೆ ಇಂಗ್ಲಿಷಿನಲ್ಲಿ ವಾಂಡರಿಂಗ್ ಮಿಡ್ಜೆಟ್ ಎಂಬ ಹೆಸರೂ ಇರುವುದು ಸುಮ್ಮನಲ್ಲ. ಜೊತೆಗೆ, ಊರಿನ ಎಲ್ಲ ಕೆರೆಗಳು ಒಣಗಿದರೂ ಒಂದೆರಡು ತೂಬಿನ ಕೆಳಗೋ ತೋಟದ ಬಸಿಗಾಲುವೆಯಲ್ಲೋ ಜವುಗು ಉಳಿದಿದ್ದರೆ ದೂರದಿಂದ ಬರುವ ಕೆಲಸವೂ ಇಲ್ಲ.

ಹೊಸದಾಗಿ ತುಂಬಿದ ಕೆರೆಗೆ ಯಾರು ಮೊದಲು ಬರುತ್ತಾರೆಂಬುದಕ್ಕೂ ಒಂದು ಕ್ರಮವಿದೆ. ಹಿಂಗಾರಿನ ಹೊತ್ತಿಗೆ ಮೈದಾನದ ಮೇಲೆ ಗುಂಪಾಗಿ ತೇಲುವ ಹಳದಿ ಪ್ಯಾಂಟಲಾ ಡ್ರ್ಯಾಗನ್ ಫ್ಲೈಗೆ ಗಿಡದ ಹಂಗಿಲ್ಲ. ಬಾಲವನ್ನು ನೀರಿಗೆ ತಾಗಿಸಿ ಮೊಟ್ಟೆ ಬಿಟ್ಟು ಹೋಗುತ್ತದೆ, ಈಜುಕೊಳವಾದರೂ ಆದೀತು, ಪ್ಲಾಸ್ಟಿಕ್ ಹೊದಿಸಿದ ಹೊಂಡವೂ ಆದೀತು. ಕೆಮ್ಮಣ್ಣಿನ ನೀರು ನಿಂತ ವಾರದಲ್ಲೇ ಅದು ಹಾಜರು. ಪಿಗ್ಮಿ ಅದೇ ದಿನ ಬಂದಿಳಿದರೂ ಮಾಡುವುದೇನೂ ಇಲ್ಲ. ನೀರು ತಿಳಿಯಾಗಿ, ಅಂಚಿನಲ್ಲಿ ತುಂಗೆ ಮೊಳೆತು, ಹೊನಗೊನೆ ನೀರಿಗೆ ಕೈ ಚಾಚಿ, ಸೀಳುವಷ್ಟು ದಪ್ಪದ ಕಾಂಡ ಬರುವ ತನಕ ಅದರ ಗರಗಸಕ್ಕೆ ಕೆಲಸವಿಲ್ಲ. ಚಿಕ್ಕಜಾಜೂರಿನ ಕಡೆ ಚಿತ್ತೆ ಮಳೆ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಆ ಹಸಿರು ಸಾಮಾನ್ಯವಾಗಿ ಕೂಡಿರುತ್ತದೆ. ಕೂತು ನೋಡುವವರು ಹೋಗಬೇಕಾದ ಕಾಲ ಅದು, ಹುಲ್ಲಿನ ಇಬ್ಬನಿ ಆರುವ ಮೊದಲು.